ಮರೆವಿನ ಹುಲಿಗೆಮ್ಮ

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ
ಟಯರ್ ಅಂಗಡಿಯ ಮಹಡಿ ಮೇಲೆ
ನಿನ್ನೆ ಹುಲಿಗೆಮ್ಮನ ಶ್ರದ್ಧಾಂಜಲಿ ಸಭೆ.
ಹದಿನೇಳು ಕುರ್ಚಿ, ಒಂಬತ್ತು ಮಂದಿ,
ಫೋಟೋಗಿಂತ ದೊಡ್ಡದೊಂದು ಹಾರ.

ಮಾತಾಡಿದವರೆಲ್ಲ ಒಳ್ಳೆಯದನ್ನೇ ಆಡಿದರು.
ಸತ್ತವರ ಬಗ್ಗೆ ಆಡುವ ಒಳ್ಳೆಯದು
ಕಂಪನಿಯ ಜರಿಪೇಟ ಇದ್ದಂತೆ,
ಯಾರ ತಲೆಗಾದರೂ ಕೂರುತ್ತದೆ.
ದೊಡ್ಡ ಮನಸ್ಸಿನ ಕಲಾವಿದೆ, ಎಂದರು.
ತಾಯಿಯಂಥವಳು, ಎಂದರು.
ತಾಯಿಯಂಥವಳು ಅಂದವನಿಗೆ ಆಕೆ
ಮುದಗಲ್ ಕ್ಯಾಂಪಿನಲ್ಲಿ ಚಪ್ಪಲಿ ತೋರಿಸಿದ್ದಳು.
ಅದಕ್ಕೆ ಕಾರಣವೂ ಇತ್ತು.

ಆಮೇಲೆ ಚಹಾ ಬಂತು, ಮಿರ್ಚಿ ಬಂತು,
ಮಿರ್ಚಿಯ ಹಿಂದೆ ನಿಜ ಬಂತು:
"ಭಾಳ ಸಿಡುಕಿ ಬಿಡ್ರಿ."
"ಕನ್ನಡಿ ಯಾರಿಗೂ ಕೊಡ್ತಿರಲಿಲ್ಲ."
"ಮತ್ತ ಆ ಮರವು! ಹಂಗ ಮರಿಯೋ ಹೀರೋಯಿನ್ನ
ಬ್ಯಾರೆ ಕಂಪನಿ ಇಟ್ಕೊಂತಿತ್ತೇನು?"
ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ.
ನಾನು ಆ ಕಂಪನಿಯ ಪ್ರಾಂಪ್ಟರ್.

ಪ್ರಾಂಪ್ಟರನಿಗೆ ಮುಖ ಕಾಣುವುದಿಲ್ಲ.
ಬೆನ್ನು ಕಾಣುತ್ತದೆ, ಒಡೆದ ಹಿಮ್ಮಡಿ ಕಾಣುತ್ತದೆ,
ಕುಪ್ಪಸದ ಮೇಲೆ ಬೆವರು ಇಳಿದ ದಾರಿ ಕಾಣುತ್ತದೆ.
ಕೈಯಲ್ಲಿ ನೋಟುಬುಕ್ಕು, ಕಂಕುಳಲ್ಲಿ ಟಾರ್ಚು.
ಯಾರ ಮಾತು ಎಲ್ಲಿ ಮುಗಿದು
ಯಾರದು ಎಲ್ಲಿ ಶುರು ಎಂಬುದನ್ನು
ಇಡೀ ಟೆಂಟಿನಲ್ಲಿ ಬಲ್ಲವನು ಅವನೊಬ್ಬ.

ಲಾಲಸಾಬ ಕವಿತಾಳ. ಅಪ್ಪನ ಪಾತ್ರ.
ಮೂರನೇ ಅಂಕದಲ್ಲಿ ಮಗಳನ್ನು ಹೊಸ್ತಿಲಲ್ಲಿ ತಡೆದು
ಒಂದೂವರೆ ಪುಟ ಬೈಯಬೇಕು.
ಅರ್ಧ ಪುಟಕ್ಕೆ ನಾಲಿಗೆ ನಿಲ್ಲುತ್ತಿತ್ತು,
ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ಹಾಗೆ.
ನಾನು ಪಿಸುಗುಟ್ಟಿದರೆ ಅವನ ಕಿವಿಗೆ ಬೀಳದು,
ಕೂಗಿದರೆ ಮುಂದಿನ ಸಾಲಿಗೆ ಬೀಳುತ್ತದೆ.
ಮಾಲೀಕ ಚನ್ನಬಸಯ್ಯ ಗಲ್ಲಾಪೆಟ್ಟಿಗೆ ಮುಚ್ಚುತ್ತ ಹೇಳಿದ್ದ:
"ಇನ್ನೊಂದ್ ಸಲ ತಪ್ಪಿದ್ರ, ಸಾಬ್ರ, ಟ್ರಂಕ್ ಕಟ್ರಿ."

ಆಗ ಹುಲಿಗೆಮ್ಮ
ತನ್ನದಲ್ಲದ ಮೌನದೊಳಕ್ಕೆ ಒಂದು ಹೆಜ್ಜೆ ಇಟ್ಟು
ಕೈ ಎತ್ತಿ, ಬಾಯಿ ತೆರೆದು
ನಿಂತುಬಿಡುತ್ತಿದ್ದಳು.
ಆ ಮಾತು ತನ್ನದೇ, ಮರೆತವಳು ತಾನೇ ಎಂಬಂತೆ.
ನಾಲಿಗೆ ಕಚ್ಚಿ ವಿಂಗಿನ ಕಡೆ ತಿರುಗುತ್ತಿದ್ದಳು.
ತಿರುಗಬಾರದು ಎಂಬುದು ಕಂಪನಿಯ ಮೊದಲ ಪಾಠ;
ಆದರೂ ತಿರುಗುತ್ತಿದ್ದಳು, ಇಡೀ ಊರಿಗೆ ಕಾಣುವ ಹಾಗೆ.
ಹಿಂದಿನ ಚಾಪೆಗಳಿಂದ ಸಿಳ್ಳೆ:
"ಏ ಮರವಿನ ಹುಲಿಗೆಮ್ಮಾ!"
ಆ ಗದ್ದಲದಲ್ಲಿ ನಾನು ಗಂಟಲು ಬಿಚ್ಚಬಹುದಿತ್ತು.
ಮಾತು ಲಾಲಸಾಬನನ್ನು ಮುಟ್ಟುತ್ತಿತ್ತು.
ಅವನು ಗುಡುಗುತ್ತಿದ್ದ.
ಚಪ್ಪಾಳೆ ಅವನಿಗೆ. ದಂಡ ಇಪ್ಪತ್ತು ರೂಪಾಯಿ ಆಕೆಗೆ,
ಪಗಾರದಲ್ಲಿ ಮುರಿದು.

ಒಮ್ಮೆ ಬಣ್ಣದ ಕೋಣೆಯಲ್ಲಿ ಕೇಳಿದೆ.
"ಏನ್ ಕಂಡಿ ನೀ? ನಿನಗ ಬರೇ ಬೆನ್ನು ಕಾಣ್ತಾವ.
ಸುಮ್ನ ಓದು," ಎಂದಳು.
ಕನ್ನಡಿಯನ್ನು ನನಗೂ ಕೊಡಲಿಲ್ಲ.
ಲಾಲಸಾಬನಂತೂ ಸಾಯುವತನಕ ಹೇಳಿಕೊಂಡು ತಿರುಗಿದ:
"ಹುಡುಗಿ ಛಲೋ, ತಲಿ ಮಾತ್ರ ನೆಟ್ಟಗಿಲ್ಲ.
ನಾ ಇದ್ದುದಕ್ಕ ಸೀನು ಉಳೀತು."

"ನೀವೂ ಎರಡು ಮಾತಾಡ್ರಿ" ಅಂದರು ನಿನ್ನೆ.
ಎದ್ದೆ. ಎದುರು ಕುರ್ಚಿಯಲ್ಲಿ ಲಾಲಸಾಬನ ಮೊಮ್ಮಗ,
ಮೊಬೈಲ್ ರಿಪೇರಿ ಮಾಡುವ ಹುಡುಗ,
ಅಂಗಡಿಯಲ್ಲಿ ಅಜ್ಜನ ಫೋಟೋ ಇಟ್ಟಿದ್ದಾನೆ,
ಅದೇ ಹೊಸ್ತಿಲು, ಅದೇ ಎತ್ತಿದ ಬೆರಳು.
ನನ್ನ ಚೀಲದಲ್ಲಿ ಗೆದ್ದಲು ತಿಂದ ನೋಟುಬುಕ್ಕು,
ಮೂರನೇ ಅಂಕದ ಅಂಚಿನಲ್ಲಿ
ಆಟಕ್ಕೊಂದರಂತೆ ಹಾಕಿದ ಪೆನ್ಸಿಲ್ ಗೀಟು,
ಇನ್ನೂರಾ ಹನ್ನೆರಡು.

ಬಾಯಿ ತೆರೆದೆ.
ಹುಡುಗ ಅಜ್ಜನ ಹಾಗೇ ಕತ್ತು ಮುಂದೆ ಚಾಚಿ ಕೇಳುತ್ತಿದ್ದ.
"ಹೌದ್ರಿ," ಅಂದೆ, "ಭಾಳ ಮರೀತಿದ್ಲು."
ಕೂತೆ.
ಚೀಲದ ಜಿಪ್ಪು ಎಳೆದುಕೊಂಡೆ.
ಯಾರೋ ಉಳಿದ ಮಿರ್ಚಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.