ಕಾರಣ: ಇತರೆ

ಚಪ್ಪಲಿ ಸ್ಟ್ಯಾಂಡಿನ ಮೇಲೆ, ಕರೆಂಟು ಡಬ್ಬಿಯ ಪಕ್ಕ,
ಎರಡು ಕೊಂಬಿನ ಬಿಳಿ ಪೆಟ್ಟಿಗೆ.
ಅದರ ಹೆಸರು ಇದಿನಬ್ಬ.

ಮನುಷ್ಯ ಇದಿನಬ್ಬ ಊರಿಗೆ ಹೋಗಿ ಮೂರು ವರ್ಷವಾಯಿತು.
ಮಂಚ ಕೊಂಡುಹೋದರು, ಕುಕ್ಕರ್ ಕೊಂಡುಹೋದರು,
ಹೆಸರನ್ನು ಗಾಳಿಯಲ್ಲೇ ಬಿಟ್ಟುಹೋದರು.
ಪಾಸ್‌ವರ್ಡು ಅವರ ಮಗಳದ್ದು, ಹುಟ್ಟಿದ ಇಸವಿ ಸಮೇತ.
ನಾವ್ಯಾರೂ ನೋಡದ ಆ ಹುಡುಗಿಯನ್ನು
ಗುದೈಬಿಯಾದ ಈ ಮೂರನೇ ಮಾಳಿಗೆಯಲ್ಲಿ
ಅಕ್ಷರ ಅಕ್ಷರವಾಗಿ ಎಷ್ಟು ಹೆಬ್ಬೆರಳು ಕರೆದಿವೆಯೋ.

ಈಗ ಕರಾರು ನನ್ನದು. ತಿಂಗಳಿಗೆ ಹದಿನಾಲ್ಕೂವರೆ ದಿನಾರು.
ನಾನು ಐದು, ಲಿಗೋರಿ ನಾಲ್ಕು,
ಬೇಕರಿಯ ರಾತ್ರಿಪಾಳಿ ಗುಡ್ಡಪ್ಪಣ್ಣ ನಾಲ್ಕು,
ಕೆಳಗಿನ ಲಾಂಡ್ರಿಯ ತಿಲಕ್ ಬಹಾದೂರ್ ಒಂದೂವರೆ.
ಅವನಿಗೆ ಸಿಗುವುದು ಏಳನೇ ಮೆಟ್ಟಿಲಲ್ಲಿ ಕೂತರೆ ಮಾತ್ರ.
ಆರರಲ್ಲಿ ಹೆಂಡತಿಯ ಬಾಯಿ ಅಲ್ಲಾಡುತ್ತದೆ, ಮಾತಿಲ್ಲ.
ಎಂಟಕ್ಕೆ ಹೋದರೆ ಮಾಲೀಕನ ಬಾಗಿಲು.

ರಮ್ಜಾನಿನ ಒಂದು ಮಧ್ಯಾಹ್ನ ಕಂಪೆನಿಯಿಂದ ಫೋನು.
ಅರೆನಿದ್ದೆಯಲ್ಲಿ ಓಕೆ ಓಕೆ ಅಂದೆನಂತೆ.
ಆ ಎರಡು ಓಕೆ ದಾಖಲಾಗಿದೆಯಂತೆ.
ಒಂದು ಓಕೆಗೆ ಹನ್ನೆರಡು ತಿಂಗಳು,
ಎರಡಕ್ಕೆ ಇಪ್ಪತ್ನಾಲ್ಕು.

ಋಣವಿದ್ದಷ್ಟು ದಿನ, ಅನ್ನುತ್ತಿದ್ದಳು ನಮ್ಮ ಸೋದರತ್ತೆ;
ಎಷ್ಟು ದಿನ ಅಂತ ಮಾತ್ರ ಹೇಳುತ್ತಿರಲಿಲ್ಲ.
ಇವರು ನೋಡಿ, ತಾರೀಕು ಹಾಕಿ ಕೊಟ್ಟರು.

ಅದಾಗಿ ಎರಡೇ ತಿಂಗಳು,
ಸಿತ್ರಾದ ನಮ್ಮ ಅಲ್ಯುಮಿನಿಯಂ ಶೆಡ್ಡಿಗೆ ಬೀಗ.
ವೀಸಾ ಉಳಿದದ್ದು ನಲವತ್ತೊಂದು ದಿನ.
ಕೌಂಟರಿನಲ್ಲಿ ಕೂತ ಹುಡುಗಿ ಮೌಸ್ ಉರುಳಿಸಿ ಹೇಳಿದಳು:
ಬಿಡುವುದಾದರೆ ಎಂಬತ್ತೆರಡು ದಿನಾರು.
ದೇಶವನ್ನೇ ಬಿಡುವುದಾದರೆ ಏನೂ ಇಲ್ಲ,
ವೀಸಾ ರದ್ದಾದ ಕಾಗದ ತೋರಿಸಿ, ಸಾಕು.
ಅದು ಬೇಕಾದರೆ ಕಫೀಲನಿಗೆ
ಎಲ್ಲೂ ಬಾಕಿಯಿಲ್ಲ ಎಂಬ ಚೀಟಿ ಬೇಕು ತಂಗಿ,
ಆ ಚೀಟಿ ನಿಮ್ಮ ಹತ್ತಿರ ಇದೆ.
ಅವಳು ನಕ್ಕಳು. ಕೆಟ್ಟ ನಗುವಲ್ಲ.
ಆಮೇಲೆ ದನಿ ತಗ್ಗಿಸಿ:
ಹೋಗಬೇಡಿ ಸರ್, ಮೂರು ತಿಂಗಳು ಫ್ರೀ, ಸ್ಪೀಡು ಡಬಲ್.

ಹದಿನೇಳು ವರ್ಷದಲ್ಲಿ ಈ ದೇಶ ನನಗೆ
ಹೋಗಬೇಡ ಅಂದದ್ದು ಅದೇ ಮೊದಲು.
ಸುಳ್ಳೇಕೆ, ಕಣ್ಣು ಒಂದಿಷ್ಟು ಮಂಜಾಯಿತು;
ಏಸಿಯೂ ಜೋರಿತ್ತು.

ಫಾರಂನಲ್ಲಿ, ಬಿಡಲು ಕಾರಣ:
ದರ ಹೆಚ್ಚು. ವೇಗ ಕಡಿಮೆ. ಬೇರೆ ಕಂಪೆನಿ. ಇತರೆ.
ಇತರೆಯ ಮುಂದೆ ಅರ್ಧ ಬೆರಳಿನಷ್ಟು ಗೆರೆ.
ಅದರಲ್ಲಿ ಏನು ಹಿಡಿಸುವುದು?
ನನ್ನ ಹೆಸರು ಬರೆದರೂ ಇನಿಶಿಯಲ್ಲು ಹೊರಗೆ ಬೀಳುತ್ತದೆ.

ಬೇರೆಯವರಿಗೆ ವರ್ಗಾಯಿಸಬಹುದು, ಅಂದಳು ಕೊನೆಗೆ.
ಲಿಗೋರಿಗೆ ಮೊದಲೇ ಕಾರಿನ ಸಾಲ. ಗುಡ್ಡಪ್ಪಣ್ಣನಿಗೆ ಹಗಲೆಲ್ಲ ನಿದ್ದೆ.
ಬಂದವನು ತಿಲಕ್ ಬಹಾದೂರ್,
ಯಾರೋ ಗಿರಾಕಿಯ ಶರ್ಟು ಹಾಕಿಕೊಂಡು, ಗರಿಗರಿ ಇಸ್ತ್ರಿ.
ಕಾಲರಿನ ಒಳಗಿದ್ದ ಲಾಂಡ್ರಿ ನಂಬರು
ಸಹಿಗೆ ಬಗ್ಗಿದಾಗ ನನಗೆ ಕಂಡಿತು: ೨೧೬.
ಡಿಪಾಸಿಟ್ ಇಪ್ಪತ್ತು, ಎಲ್ಲರೂ ಸೇರಿ ಹಾಕಿದೆವು.
ನೆಟ್‌ವರ್ಕಿನ ಹೆಸರು ಬದಲಿಸಬೇಕೇ ಎಂದು ಅವಳು ಕೇಳಿದ್ದಕ್ಕೆ
ಬೇಡ, ಇದಿನಬ್ಬನೇ ಇರಲಿ, ಅಂದ,
ಇದಿನಬ್ಬನನ್ನು ಕಂಡೇ ಇರದವನು.

ಪೆಟ್ಟಿಗೆ ಕೆಳಗಿಳಿಯಿತು, ಇಸ್ತ್ರಿ ಮೇಜಿನ ಮೇಲೆ, ಹಬೆಯ ನಡುವೆ.
ನಮ್ಮ ಫ್ಲ್ಯಾಟಿಗೆ ಈಗ ಒಂದು ಗೀಟೂ ಬರುವುದಿಲ್ಲ.

ಇನ್ನೂ ಹನ್ನೊಂದು ದಿನ.
ರಾತ್ರಿ ಊಟ ಮುಗಿಸಿ, ಲುಂಗಿ ಮಡಿಸಿ,
ಏಳನೇ ಮೆಟ್ಟಿಲಿಗೆ ಬಂದು ಕೂರುತ್ತೇನೆ.
ಸಿಮೆಂಟು ಇನ್ನೂ ಬಿಸಿ.
ಲಿಗೋರಿ ಬಂದರೆ ಸರಿದು ಜಾಗ ಕೊಡಬೇಕು.
ತಿಂಗಳ ಪಾಲು ನಿನ್ನೆಯೇ ಕೊಟ್ಟೆ,
ಒಂದೂವರೆ.
ತಿಲಕ್ ಎಣಿಸಿ ತೆಗೆದುಕೊಂಡ.