ಬಾಗಿಯಕ್ಕನ ಅಳತೆ

ಬಚ್ಚಲ ಬಾಗಿಲು ಇಪ್ಪತ್ತಮೂರೂವರೆ ಇಂಚು.
ಟೇಪು ಹಿಡಿದದ್ದು ನಾನು, ಓದಿದ್ದು ಮೊಮ್ಮಗ ಧನುಷ್,
ಇಬ್ಬರೂ ನಂಬಲಿಲ್ಲ; ಮತ್ತೊಮ್ಮೆ ಹಿಡಿದೆವು.
ಅಷ್ಟರಲ್ಲಿ ಮಹಾಕಾಳಿಪಡ್ಪಿನ ಗೇಟು ದಾಟಿ ರೈಲು ಹೋಯಿತು,
ಕಪಾಟಿನ ಗಾಜಿನ ಲೋಟಗಳು ಒಂದನ್ನೊಂದು ಮುಟ್ಟಿ ಸುಮ್ಮನಾದವು.
ಇಪ್ಪತ್ತಮೂರೂವರೆಯೇ.
ಕಟ್ಟಿದ ಕಾಲಕ್ಕೆ ಮನೆಯವರೆಲ್ಲ ನಡೆಯುತ್ತಿದ್ದರು,
ಕೊಡಪಾನ ಸೊಂಟಕ್ಕಿಟ್ಟು ಓರೆಯಾಗಿ ನುಗ್ಗುತ್ತಿದ್ದರು.
ಕುರ್ಚಿಗೆ ಓರೆಯಾಗಲು ಬರುವುದಿಲ್ಲ.

ಯೆಯ್ಯಾಡಿಯ ಶೆಡ್ಡಿನಿಂದ ತಂದ ಮೊದಲ ಕುರ್ಚಿ
ಇಪ್ಪತ್ತೈದು ಇಂಚಿನ ದೊರೆಯ ಹಾಗೆ ಜಗಲಿಯಲ್ಲೇ ನಿಂತಿತು:
ಹಿಂದಿನ ಚಕ್ರಕ್ಕೆ ಮೋಟಾರು, ಕೈಗೆ ಮೆತ್ತೆ,
ಹಿಂದಕ್ಕೆ ಸರಿಯುವಾಗ ಕೂಗಲು ಒಂದು ಬೀಪು.
ಬಾಗಿಯಕ್ಕ ಮೇಲಿಂದ ಕೆಳಗೆ ನೋಡಿದರು.
ನಲವತ್ತು ವರ್ಷ ಬೀಡಿ ಕಟ್ಟಿದ ಕಣ್ಣು,
ಬ್ರಾಂಚಿನ ಚೆಕ್ಕರ್ ಕಟ್ಟು ಕಟ್ಟೇ ಮುರಿದು ಎಸೆದದ್ದನ್ನು
ಎದುರು ನಿಂತು ಎಣಿಸಿದ ಕಣ್ಣು.
“ಪಾಸಿಲ್ಲ.
ಇದು ಆಸ್ಪತ್ರೆಯ ಜಾತಿ, ಮನೆಯದ್ದಲ್ಲ.
ಮತ್ತೆ ಆ ಕೀಂ ಕೀಂ ಎಂತಕ್ಕೆ ಮಾರಾಯ್ರೆ?
ನಾನು ಬಚ್ಚಲಿಗೆ ಹೋಗುವುದು
ನೇತ್ರಾವತಿಯ ಆಚೆ ದಡಕ್ಕೂ ಕೇಳಬೇಕಾ?”

ಬೀಪು ತೆಗೆದೆವು. ಒಂದೇ ವಯರು.

ಅಗಲ ಇಳಿಸುವುದು ಬೇರೆ ಮಾತು.
ಮೋಟಾರನ್ನು ಚಕ್ರದೊಳಗೆ ತುರುಕಿದೆವು, ಬ್ಯಾಟರಿ ಸೀಟಿನಡಿಗೆ,
ದೊಡ್ಡ ಚಕ್ರ ನಡುವಿಗೆ ಬಂತು,
ನಿಂತಲ್ಲೇ ತಿರುಗಲಿ ಎಂದು, ಬುಗುರಿಯ ಹಾಗೆ.
ಇಂಚು ಕದ್ದರೆ ಇಂಚು ವಾಲುತ್ತದೆ.
ಸಿಪ್ರಿಯನ್ ಬಾಬ್ ಅಕ್ಕಿಮೂಟೆಯನ್ನು ಕೂರಿಸಿ, ಬೆಲ್ಟು ಕಟ್ಟಿ,
ಇಳಿಜಾರಿಗೆ ಬಿಟ್ಟಾಗ
ಐವತ್ತು ಕಿಲೋ ಕುಚ್ಚಲಕ್ಕಿ ಶೆಡ್ಡಿನ ತುಂಬ ಚೆಲ್ಲಿತು.
ಆ ವಾರವೆಲ್ಲ ಗುಡಿಸಿ ತೊಳೆದು ಅದನ್ನೇ ಗಂಜಿ ಮಾಡಿ ಉಂಡೆವು,
ಹಲ್ಲಿಗೆ ಸಿಕ್ಕಿದ ಕಬ್ಬಿಣದ ಪುಡಿಯನ್ನು
ಯಾರೂ ಮಾತಿಗೆ ತರಲಿಲ್ಲ.

ಇಪ್ಪತ್ತೆರಡೂ ಕಾಲು.
ಎರಡು ಕಡೆಗೂ ಬೆರಳಿನಷ್ಟು ಗಾಳಿ.

ಈ ಸಲ ಕುಳಿತರು. ಹಿಡಿಯ ಗುಂಡಿಗೆ ಕೈಯಿಟ್ಟರು. ಕುರ್ಚಿ
ಗೋಡೆಗೆ ಹೋಯಿತು, ಗ್ರೈಂಡರಿಗೆ ಹೋಯಿತು,
ಧನುಷನ ಶಾಲೆಯ ಚೀಲದ ಮೇಲೆ ಹೋಯಿತು.
ಆ ಗಂಟುಬೆರಳುಗಳಲ್ಲಿ ಮುಷ್ಟಿ ಎನ್ನುವುದೇ ಉಳಿದಿರಲಿಲ್ಲ.
ನಾನು ಬರೆದುಕೊಳ್ಳುತ್ತಿದ್ದೆ: ವೇಗ ಇಳಿಸಬೇಕು, ಸ್ಪ್ರಿಂಗು ಸಡಿಲಿಸಬೇಕು.
ಆಗ ಕಂಡದ್ದು.
ಬಂಗುಡೆಯ ರೇಟು ಮಾತಾಡುತ್ತ ಮಾತಾಡುತ್ತ
ಅವರ ಹೆಬ್ಬೆರಳೂ ತೋರುಬೆರಳೂ
ಏನೂ ಇಲ್ಲದ್ದನ್ನು ಸುರುಳಿ ಸುತ್ತುತ್ತಿವೆ.
ಎಲೆಯಿಲ್ಲ, ಹೊಗೆಸೊಪ್ಪಿಲ್ಲ, ನೂಲಿಲ್ಲ, ಮಡಿಲಲ್ಲಿ ತಡ್ಪೆಯಿಲ್ಲ.
ದಿನಕ್ಕೆ ಸಾವಿರ ಕಟ್ಟಿದ ಎರಡು ಬೆರಳು
ರಜೆ ಸಿಕ್ಕಿದ ಸುದ್ದಿ ತಲುಪದೆ ಕೆಲಸದಲ್ಲಿವೆ.

ಗುಂಡು ಬಿಚ್ಚಿ ಬಿಸಾಡಿದೆ.
ಅದರ ಜಾಗಕ್ಕೆ ಒಂದು ಕಡ್ಡಿ,
ಒಂದು ತುದಿ ಸಪುರ, ಒಂದು ತುದಿ ದಪ್ಪ, ಮೇಲೆ ತೆಳು ರಬ್ಬರು.
ಹೊಸೆದರೆ ಮುಂದಕ್ಕೆ. ಮರುಹೊಸೆದರೆ ಹಿಂದಕ್ಕೆ.
ವಾಲಿಸಿದರೆ ತಿರುವು.

ಬಾಗಿಯಕ್ಕ ನಗಲಿಲ್ಲ.
“ದಪ್ಪ ಆಯಿತು. ಸೊಪ್ಪು ಜಾಸ್ತಿ ತುಂಬಿಸಿದ್ದೀರಿ.”
ಅರ್ಧ ಮಿಲಿಮೀಟರು ಕೆರೆದೆವು.

ರಾತ್ರಿ ಆ ಹಾಲಿನಲ್ಲಿ ಐದು ಚಾಪೆ.
ಮಗ, ಸೊಸೆ ಶಶಿಕಲಾ, ಇಬ್ಬರು ಮಕ್ಕಳು,
ಧಕ್ಕೆಯ ಐಸ್ ಪ್ಲಾಂಟಿನಿಂದ ತಡವಾಗಿ ಬಂದು
ಬಾಗಿಲ ಬಳಿ ಬಿದ್ದುಕೊಳ್ಳುವ ಕಿರಿಮಗ.
ಮೂಲೆಯ ಮಂಚದಿಂದ ಬಚ್ಚಲಿಗೆ
ಕಾಲು, ದಿಂಬು, ಕೂದಲು, ಮೊಬೈಲಿನ ವಯರುಗಳ ನಡುವೆ
ಒಂದೇ ಓಣಿ. ಅದರ ಅಳತೆ ಯಾರೂ ತೆಗೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಶಿಕಲಾ ಫೋನು:
“ನಿನ್ನೆ ರಾತ್ರಿ ಅತ್ತೆ ನನ್ನನ್ನು ಎಬ್ಬಿಸಲಿಲ್ಲ.”
ಅಷ್ಟೇ. ಸಿಟ್ಟೋ, ಹೆದರಿಕೆಯೋ,
ಎಷ್ಟೋ ದಿನಕ್ಕೆ ಬಂದ ಪೂರ್ತಿ ನಿದ್ದೆಯ ಮಂಪರೋ,
ಸ್ವರದಲ್ಲಿ ಗೊತ್ತಾಗಲಿಲ್ಲ.

ಹೋಗಿ ನೋಡಿದೆ.
ಬ್ಯಾಟರಿಯ ಐದು ದೀಪದಲ್ಲಿ ನಾಲ್ಕು ಉರಿಯುತ್ತಿತ್ತು.
ಬಚ್ಚಲ ಚೌಕಟ್ಟಿನ ಎಡಕ್ಕೆ ಮೊಣಕಾಲೆತ್ತರದಲ್ಲಿ
ಬಿಳಿಯ ಗೀರು, ಹಸಿ ಮರದ ವಾಸನೆ.
ಬೆರಳಿಟ್ಟು ತಿರುಗಿದೆ.

“ಅದು ಮೊದಲೇ ಇತ್ತು,” ಅಂದರು ಬಾಗಿಯಕ್ಕ.