ಗದ್ದದ ನಕಾಶೆ

“ಕಣ್ಣು ಮುಚ್ಚಿ, ನೆವ್ಜಾತ್ ಉಸ್ತಾ.
ತಾಗಿದರೆ ಹೂಂ ಅನ್ನಿ. ತಾಗದಿದ್ದರೆ ಸುಮ್ಮನಿರಿ.
ಊಹೆ ಬೇಡ.”

ಇಜ್ಮಿರ್, ಆಸ್ಪತ್ರೆಯ ನಾಲ್ಕನೇ ಮಹಡಿ.
ಕಿಟಕಿಯಾಚೆ ಕೊಲ್ಲಿ ದಾಟಲು ಹೊರಟ ದೋಣಿ
ಒಮ್ಮೆ ಕೂಗಿ ಸುಮ್ಮನಾಯಿತು.
ನನ್ನ ಬೆರಳ ನಡುವೆ ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆ,
ಚರ್ಮಕ್ಕೊತ್ತಿದರೆ ಬಿಲ್ಲಾಗಿ ಬಾಗಿ ನಿಲ್ಲುವುದು,
ನೊಣ ಕೂತಷ್ಟೇ ಭಾರ.
ಹಿಂದೆಲ್ಲ ಕುದುರೆಕೂದಲಲ್ಲಿ ಅಳೆಯುತ್ತಿದ್ದರಂತೆ, ಅಂದೆ.
ಮುಚ್ಚಿದ ಕಣ್ಣಲ್ಲೇ ನಕ್ಕರು:
“ನಲವತ್ತು ವರ್ಷ ಕೂದಲನ್ನು ನಾನು ವಿಚಾರಿಸಿಕೊಂಡೆ,
ಈಗ ಅದರ ಸರದಿ.”
ನಗು ಎರಡೂ ಬದಿಗೆ ಸಮನಾಗಿ ಹರಡಿತ್ತು.
ಎಡಗಡೆ ತಾನು ನಕ್ಕದ್ದು
ಅವರೊಬ್ಬರಿಗೆ ಗೊತ್ತಾಗಲಿಲ್ಲ.

ಬಲಗಡೆ: ಹೂಂ. ಹೂಂ. ಹೂಂ.
ಬಾಯಿಯ ಮೂಲೆ ದಾಟಿ ನಟ್ಟನಡುವೆ ಬಂದೆ: ಹೂಂ.
ಅಲ್ಲಿಂದ ಒಂದು ಅಕ್ಕಿಕಾಳಿನಷ್ಟು ಎಡಕ್ಕೆ,
ಗೋಡೆಗಡಿಯಾರದ ಸದ್ದು.
ದಪ್ಪ ಎಳೆ ತೆಗೆದೆ. ಗಡಿಯಾರ.
ಅದಕ್ಕೂ ದಪ್ಪದ್ದು.
“ಹೂಂ,” ಅಂದರು.
ಆಗ ನನ್ನ ಕೈ ಗಾಳಿಯಲ್ಲಿತ್ತು.

ಇಂಥ ಸುಳ್ಳಿಗೆಂದೇ ನಮ್ಮ ಹಾಳೆಯಲ್ಲೊಂದು ಕಲಂ ಉಂಟು.
ಗುರುತು ಹಾಕಿದೆ; ಪೆನ್ನಿನ ಸದ್ದು ಅವರಿಗೆ ಕೇಳಿಸಿತು.
“ತಪ್ಪಾಯಿತೇ?”
“ಇದರಲ್ಲಿ ತಪ್ಪು ಸರಿ ಇಲ್ಲ.”
“ಹಾಗನ್ನುವವರೇ ಅಂಕ ಕೊಡುವವರು,”
ಅಂದು ಕಣ್ಣು ಬಿಟ್ಟರು.

ದವಡೆಯೆಲುಬಿನೊಳಗೊಂದು ಸುರಂಗ, ಅದರೊಳಗೆ ದಾರದಂಥ ನರ.
ಗಂಟು ತೆಗೆಯುವಾಗ ಬದಿಗೆ ಸರಿಸಿದ್ದಷ್ಟೇ,
ಕಡಿದಿಲ್ಲ, ಎನ್ನುತ್ತದೆ ಶಸ್ತ್ರಕ್ರಿಯೆಯ ವರದಿ.
ವರದಿಗೆ ತುಟಿಯಿಲ್ಲ.
ಇವರಿಗಿದೆ: ಬಾಡಿಗೆಗೆ ತಂದ ಅಂಗಿಯಂತೆ ಜೋತಿದೆ.
ಚಹಾಲೋಟದ ಅಂಚು ಅರ್ಧದಲ್ಲೇ ಮುರಿದಂತೆ,
ಒಮ್ಮೊಮ್ಮೆ ಕರೆಯದೆ ಬರುವ ಇರುವೆಸಾಲು.
ಬೆಳಿಗ್ಗೆ ಕ್ಷೌರ ಮಾಡಿಕೊಂಡು ಹೋಗಿ ಅಂಗಡಿ ತೆರೆದರೆ
ಮೊದಲ ಗಿರಾಕಿ ಕನ್ನಡಿಯಲ್ಲಿ ತೋರಿಸಿದನಂತೆ:
“ಉಸ್ತಾ, ನಿಮ್ಮ ಕಾಲರಿನಲ್ಲಿ ರಕ್ತ.”
ಇಡೀ ಬಾಸ್ಮಾನೆಯ ಗದ್ದಗಳನ್ನು ಕತ್ತಲಲ್ಲೂ ಓದಬಲ್ಲ ಬೆರಳು
ತನ್ನ ಗದ್ದ ಮುಟ್ಟಿದರೆ
ಬೆರಳಿಗೆ ಗದ್ದ ಸಿಗುತ್ತದೆ,
ಗದ್ದಕ್ಕೆ ಬೆರಳಿಲ್ಲ.
ಊಟದ ಹೊತ್ತಿಗೆ ಹೆಂಡತಿ ಹಮಿಯೆತ್ ಏನೂ ಅನ್ನುವುದಿಲ್ಲ,
ತನ್ನ ಗದ್ದವನ್ನು ತಾನು ಒರೆಸಿಕೊಳ್ಳುತ್ತಾಳೆ.
ಅದನ್ನು ನೋಡಿ ಇವರು ತಮ್ಮದನ್ನು.

ಹತ್ತಿ. ಕುಂಚದ ಗೀರು, ಮೇಲಕ್ಕೋ ಕೆಳಕ್ಕೋ.
ಎರಡು ಮೊನೆಯ ಕೈವಾರ: ಒಂದೋ, ಎರಡೋ?
ಹದಿನೆಂಟು ಮಿಲಿಮೀಟರ್ ಅಗಲಿಸಿದರೂ “ಒಂದು,” ಅಂದರು,
ಈ ಸಲ ನಿಜವಾಗಿ.
ತಣ್ಣನೆಯ ಕೊಳವೆಗೆ ಬಹಳ ಹೊತ್ತು ಸುಮ್ಮನಿದ್ದು
“ಏನೋ ಇದೆ. ಹೆಸರು ಗೊತ್ತಿಲ್ಲ.”
ಅದಕ್ಕೆ ಹಾಳೆಯಲ್ಲಿ ಕಲಂ ಇರಲಿಲ್ಲ.
ಅಂಚಿನಲ್ಲಿ ಅವರ ಮಾತನ್ನೇ ಬರೆದುಕೊಂಡೆ.

ಕೊನೆಗೆ ನೀಲಿ ಪೆನ್ನಿನಲ್ಲಿ ಗಡಿ.
ಮರಗಟ್ಟಿದ ಕಡೆಯಿಂದ ಹೊರಟು
“ಈಗ” ಎಂದಲ್ಲೆಲ್ಲ ಒಂದು ಚುಕ್ಕೆ;
ಚುಕ್ಕೆಗಳನ್ನು ಸೇರಿಸಿದರೆ ತುಟಿಯ ಕೆಳಗೆ
ಅಂಜೂರದೆಲೆಯ ಆಕಾರದ ಒಂದು ನಾಡು.
ಮಾರ್ಚ್ ತಿಂಗಳ ಫೋಟೋ ಪಕ್ಕದಲ್ಲಿ ಹಿಡಿದೆ.
ಕೆಳಗಿನ ಎಲ್ಲೆ ಉಗುರಂಚಿನಷ್ಟು ಒಳಸರಿದಿದೆ.
ಸರಿದಿದೆಯೋ, ನನ್ನ ಕೈ ನಡುಗಿತೋ.
ಎರಡನ್ನೂ ಹೇಳಿದೆ.

ಸ್ಪಿರಿಟಿನ ಹತ್ತಿ ಚಾಚಿದರೆ ಬೇಡವೆಂದರು.
“ಇರಲಿ. ಹಮಿಯೆತ್ ನೋಡಲಿ.”
ಕಿಟಕಿಯಿಂದ ಕಂಡೆ: ಟ್ರಾಮಿನ ನಿಲ್ದಾಣದಲ್ಲಿ
ಮುಖದ ಮೇಲೆ ನಕಾಶೆ ಹೊತ್ತು ನಿಂತಿದ್ದಾರೆ.
ಪಕ್ಕದ ಮಗುವೊಂದು ಬೆರಳು ತೋರಿ ಏನೋ ಕೇಳುತ್ತಿದೆ.
ಇವರು ಬಗ್ಗಿ, ಗದ್ದ ಮುಂದೆ ಚಾಚಿ,
ಊರೂರು ತೋರಿಸುತ್ತಿದ್ದಾರೆ.